ಶ್ರಾವಣದ ಮೂರನೆಯ ರಾತ್ರಿ

ನಾಗರ ಅಮಾವಾಸ್ಯೆಯ ಸಂಜೆ ಮಲಪ್ರಭೆಯ ದಂಡೆಯ ನಮ್ಮ ಊರುಗಳಲ್ಲಿ ಒಂದೇ ಮಾತು ಹಲವರ ಬಾಯಿಂದ ಬರುತ್ತದೆ: "ಇವತ್ತ ಕಡೀದು. ನಾಳಿಂದ ಶ್ರಾವಣ ಹಿಡೀತೇನಿ." ಹೀಗೆ ಹೇಳುವವರಲ್ಲಿ ಸಂತೆಯ ದಿನ ಮಾತ್ರ ಕುಡಿಯುವವರಿದ್ದಾರೆ. ಅವರಿಗೆ ಶ್ರಾವಣ ಹಗುರ. ಹಾಸಿಗೆ ಬಿಟ್ಟು ಏಳುವಾಗಲೇ ಕೈ ನಡುಗಿ, ಒಂದು ಗುಟುಕು ಹೊಟ್ಟೆಗೆ ಬಿದ್ದ ಮೇಲಷ್ಟೇ ಚಹಾದ ಕಪ್ಪು ಹಿಡಿಯಲು ಬರುವವರೂ ಅದೇ ಮಾತು ಹೇಳುತ್ತಾರೆ. ಮನೆಯ ಹೆಣ್ಣುಮಕ್ಕಳು ಆ ರಾತ್ರಿ ದೇವರ ಮುಂದೆ ಒಂದು ಬತ್ತಿ ಹೆಚ್ಚಿಗೆ ಹಚ್ಚುತ್ತಾರೆ.

ಮೊದಲ ದಿನ ಬೆವರು, ವಾಕರಿಕೆ, ಸಿಡಿಮಿಡಿ. "ಶ್ರಾವಣ ಹಿಡದಾನ, ಹಂಗ ಆಗತೈತಿ" ಎಂದು ಎಲ್ಲರೂ ಸುಮ್ಮನಿರುತ್ತಾರೆ. ಎರಡನೆಯ ದಿನ ರೊಟ್ಟಿ ಸೇರದು, ಕಣ್ಣಿಗೆ ನಿದ್ದೆ ಹತ್ತದು. ಮೂರನೆಯ ರಾತ್ರಿ ಅವನು ಗೋಡೆಯ ಮೇಲೆ ಹರಿಯುವ ಹುಳ ತೋರಿಸುತ್ತಾನೆ, ಅಲ್ಲಿ ಹುಳವಿಲ್ಲ. ತನ್ನ ಮನೆಯಲ್ಲೇ ಕೂತು "ನನ್ನ ಮನಿಗೆ ಕರಕೊಂಡ ಹೋಗ್ರಿ" ಎನ್ನುತ್ತಾನೆ. ರಾಮದುರ್ಗದ ಕಡೆಯ ನೇಕಾರನಾದರೆ ಇಲ್ಲದ ಮಗ್ಗದ ಲಾಳಿ ಎಸೆಯುತ್ತಾನೆ. ಟ್ರ್ಯಾಕ್ಟರ್ ಹೊಡೆಯುವವನಾದರೆ ಹಾಸಿಗೆಯ ಮೇಲೆ ಕೂತು ಸ್ಟೇರಿಂಗ್ ತಿರುವುತ್ತಾನೆ. ಒಕ್ಕಲುತನದವನು ಕತ್ತಲಲ್ಲಿ ಎತ್ತುಗಳನ್ನು ಹೆಸರು ಹಿಡಿದು ಕೂಗುತ್ತಾನೆ, ಆ ಎತ್ತುಗಳನ್ನು ಮಾರಿ ಎಷ್ಟೋ ವರ್ಷವಾಗಿದ್ದರೂ. ಬುದ್ಧಿ ಕದಡಿದಾಗ ಕೈಗಳು ತಾವು ಜೀವಮಾನವಿಡೀ ಮಾಡಿದ ಕೆಲಸಕ್ಕೇ ಮರಳುತ್ತವೆ. ವೈದ್ಯರ ಪುಸ್ತಕಗಳಲ್ಲಿ ಇದಕ್ಕೆ ಬೇರೆಯೇ ಹೆಸರಿದೆ, ವೃತ್ತಿ ಸನ್ನಿ ಎಂದು ಕರೆಯಬಹುದು.

ಆ ಹೊತ್ತಿಗೆ ಮನೆಯಲ್ಲಿ ಒಬ್ಬರು "ಗಾಳಿ ಸೋಕೇತಿ" ಅನ್ನುತ್ತಾರೆ. ಲಿಂಬೆಹಣ್ಣು ಬರುತ್ತದೆ, ತಾಯತ ಬರುತ್ತದೆ. ಫಿಟ್ಸು ಬಂದರೆ ಕೈಗೆ ಕಬ್ಬಿಣದ ಕೀಲಿ, ಮೂಗಿಗೆ ಉಳ್ಳಾಗಡ್ಡಿ. ಇನ್ನೊಬ್ಬರು "ಒಂದ್ ಕ್ವಾರ್ಟರ್ ಕೊಟ್ರ ಹಗರ ಆಕ್ಕಾನು" ಅನ್ನುತ್ತಾರೆ. ಆಸ್ಪತ್ರೆಯ ಮಾತು ಬರುವುದು ಬೆಳಕು ಹರಿದ ಮೇಲೆ. ಈ ಲೇಖನ ಆ ರಾತ್ರಿಯ ಬಗ್ಗೆ. ಕುಡಿತದ ಕೆಡುಕಿನ ಬಗ್ಗೆ ನಮ್ಮಲ್ಲಿ ಭಾಷಣ, ಬೀದಿನಾಟಕ, ಗೋಡೆಬರಹಗಳಿಗೆ ಕೊರತೆಯಿಲ್ಲ. ಕುಡಿತ ಬಿಡುವುದೇ ಒಂದು ಬೇನೆ, ಅದಕ್ಕೆ ಗಡಿಯಾರವಿದೆ, ಔಷಧವಿದೆ, ಅಲಕ್ಷಿಸಿದರೆ ಜೀವ ಹೋಗುತ್ತದೆ ಎಂಬುದನ್ನು ಮಾತ್ರ ಯಾರೂ ಗಟ್ಟಿಯಾಗಿ ಹೇಳುತ್ತಿಲ್ಲ.

ಬೆಳಗಾವಿ ಜಿಲ್ಲೆಯ ನಮ್ಮ ಸೀಮೆಯ ಸಂಪಗಾಂವ ಇಂದು ಬೈಲಹೊಂಗಲ ತಾಲೂಕಿನ ಒಂದು ಊರು. ಬ್ರಿಟಿಷರ ಕಾಲದಲ್ಲಿ ಒಂದು ತಾಲೂಕಿಗೇ ಆ ಹೆಸರಿತ್ತು, ಕಿತ್ತೂರೂ ಅದರೊಳಗಿತ್ತು. ಪಕ್ಕದ ಸವದತ್ತಿಯದು ಪರಸಗಡ ತಾಲೂಕು, ರಾಮದುರ್ಗದ್ದು ಪ್ರತ್ಯೇಕ ಸಂಸ್ಥಾನ. ಹತ್ತಿ, ಜೋಳ, ಆಮೇಲೆ ಕಬ್ಬು ಬೆಳೆದ ಈ ಸೀಮೆಯಲ್ಲಿ ವ್ಯಸನದ ಮಾತೆತ್ತಿದರೆ ಪೇಟೆಯ ಪತ್ರಿಕೆಗಳು ಬರೆಯುವ ಕೊಕೇನ್ ಯಾರಿಗೂ ನೆನಪಾಗುವುದಿಲ್ಲ, ಶೆರೆಯೇ ನೆನಪಾಗುವುದು. ಲೆಕ್ಕವೂ ಹಾಗೇ ಇದೆ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದಿಲ್ಲಿಯ ಏಮ್ಸ್ ತಜ್ಞರು ನಡೆಸಿ 2019ರಲ್ಲಿ ಹೊರತಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಕೊಕೇನ್ ಬಳಸುವವರು ಸುಮಾರು 10.7 ಲಕ್ಷ, ಮದ್ಯ ಕುಡಿಯುವವರು ಸುಮಾರು 16 ಕೋಟಿ. ಆ 16 ಕೋಟಿಯಲ್ಲಿ 5.7 ಕೋಟಿ ಜನರಿಗೆ ಕುಡಿತದ ತೊಂದರೆಗೆ ನೆರವು ಬೇಕಾಗಿದೆ. ಅದೇ ವರದಿಯ ಇನ್ನೊಂದು ಅಂಕಿ ನನ್ನನ್ನು ಬಹಳ ದಿನ ಕಾಡಿತು: ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬನಿಗಷ್ಟೇ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಯಲ್ಲಿ ಮಲಗಿಸಿಕೊಂಡು ನೋಡಿದ್ದು 180ಕ್ಕೆ ಒಬ್ಬನನ್ನು.

ಮೂರನೆಯ ರಾತ್ರಿ ಮಿದುಳಿನಲ್ಲಿ ನಡೆಯುವುದೇನು? ನಮ್ಮ ಮಿದುಳಿನಲ್ಲಿ ಶಾಂತ ಮಾಡುವ ರಾಸಾಯನಿಕವೊಂದಿದೆ, ಅದರ ಹೆಸರು ಗಾಬಾ. ಎಚ್ಚರಿಸಿ ಓಡಿಸುವುದು ಗ್ಲುಟಮೇಟ್. ಮದ್ಯ ಮೊದಲನೆಯದರ ಬಲ ಹೆಚ್ಚಿಸುತ್ತದೆ, ಎರಡನೆಯದನ್ನು ಅದುಮುತ್ತದೆ. ವರ್ಷಗಟ್ಟಲೆ ದಿನವಿಡೀ ಕುಡಿಯುವವನ ಮಿದುಳು ಈ ಹೊರಗಿನ ಬ್ರೇಕಿಗೆ ಹೊಂದಿಕೊಂಡು ತನ್ನ ಬ್ರೇಕನ್ನು ಸಡಿಲಿಸಿ ಎಕ್ಸಲರೇಟರನ್ನು ಬಲವಾಗಿ ತುಳಿದುಕೊಂಡಿರುತ್ತದೆ. ಆದ್ದರಿಂದಲೇ ಅವನು ಅಷ್ಟು ಕುಡಿದರೂ ನೆಟ್ಟಗೆ ನಡೆಯಬಲ್ಲ. ಶೆರೆ ಒಮ್ಮೆಲೇ ನಿಂತರೆ ಹೊರಗಿನ ಬ್ರೇಕು ಹೋಗುತ್ತದೆ, ತುಳಿದ ಎಕ್ಸಲರೇಟರು ಹಾಗೇ ಇರುತ್ತದೆ. ಎದೆ ಬಡಿತ, ಬಿ.ಪಿ., ಬೆವರು, ನಡುಕ, ಫಿಟ್ಸು, ಭ್ರಮೆ ಎಲ್ಲವೂ ಆ ನಿಯಂತ್ರಣ ತಪ್ಪಿದ ಓಟದವು.

ಕಡೆಯ ಗುಟುಕಿನಿಂದ ಆರರಿಂದ ಹನ್ನೆರಡು ಗಂಟೆಯೊಳಗೆ ನಡುಕ, ಬೆವರು, ವಾಂತಿ, ಚಡಪಡಿಕೆ ತೊಡಗುತ್ತವೆ. ಫಿಟ್ಸು ಬರುವುದು ಹೆಚ್ಚಾಗಿ ಮೊದಲ ಎರಡು ದಿನಗಳಲ್ಲಿ. ಕೆಲವರಿಗೆ ಬುದ್ಧಿ ಸ್ವಚ್ಛವಾಗಿದ್ದೂ ಇಲ್ಲದ ದನಿ ಕೇಳಿಸುತ್ತದೆ, ಇಲ್ಲದ್ದು ಕಾಣಿಸುತ್ತದೆ. ಎರಡರಿಂದ ನಾಲ್ಕನೆಯ ದಿನದ ನಡುವೆ ಬರುವುದು ನಿಜವಾದ ಸನ್ನಿ. ಹೊತ್ತು, ಜಾಗ, ಹೆಂಡತಿ, ಮಕ್ಕಳು ಯಾವುದರ ಗುರುತೂ ಉಳಿಯದು, ಮೈ ಸುಡುತ್ತದೆ, ಎದೆ ಹಾರುತ್ತದೆ. ಎಲ್ಲರಿಗೂ ಇಷ್ಟೆಲ್ಲ ಆಗುವುದಿಲ್ಲ, ಹೆಚ್ಚಿನವರದು ನಡುಕ, ನಿದ್ದೆಗೇಡಿನಲ್ಲೇ ಮುಗಿಯುತ್ತದೆ. ಸನ್ನಿಗೆ ಹೋಗುವವರು ಕೆಲವರೇ, ಆದರೆ ಔಷಧವಿಲ್ಲದ ಕಾಲದಲ್ಲಿ ಆ ಕೆಲವರಲ್ಲಿ ಮೂರರಲ್ಲೊಬ್ಬರವರೆಗೂ ಸಾಯುತ್ತಿದ್ದರು. ಸರಿಯಾದ ಚಿಕಿತ್ಸೆ ಸಿಕ್ಕರೆ ಇಂದು ನೂರರಲ್ಲಿ ಐವರಿಗಿಂತ ಕಡಿಮೆ. ಮೂರರಲ್ಲೊಂದು ಮತ್ತು ನೂರರಲ್ಲಿ ಐದರ ನಡುವಿನ ಅಂತರ ಅಷ್ಟೂ ಆಸ್ಪತ್ರೆಯದು.

ಈ ಸನ್ನಿಗೆ ಇಂಗ್ಲೆಂಡಿನ ವೈದ್ಯ ಥಾಮಸ್ ಸಟನ್ 1813ರಲ್ಲೇ ಹೆಸರಿಟ್ಟ. ಅದು ಕುಡಿತದಿಂದ ಬರುತ್ತದೋ, ಕುಡಿತ ಬಿಟ್ಟದ್ದರಿಂದ ಬರುತ್ತದೋ, ಊಟ ಬಿಟ್ಟದ್ದರಿಂದಲೋ ಎಂಬ ಜಗಳ ಮಾತ್ರ ನೂರ ನಲವತ್ತು ವರ್ಷ ನಡೆಯಿತು. ಬಾಸ್ಟನ್ನಿನ ಆಸ್ಪತ್ರೆಯಲ್ಲಿ ವಿಕ್ಟರ್ ಮತ್ತು ಆಡಮ್ಸ್ 1953ರಲ್ಲಿ ನೂರಾರು ರೋಗಿಗಳನ್ನು ಗಮನಿಸಿ ಫಿಟ್ಸು, ಭ್ರಮೆ, ಸನ್ನಿಗಳ ವೇಳೆಯನ್ನು ಗುರುತಿಸಿದರು. 1955ರಲ್ಲಿ ಅಮೆರಿಕದ ಲೆಕ್ಸಿಂಗ್ಟನ್ನಿನಲ್ಲಿ ಇಸ್ಬೆಲ್ ಮತ್ತು ಸಂಗಡಿಗರು ಹತ್ತು ಜನ ಕೈದಿಗಳಿಗೆ ಒಳ್ಳೆಯ ಊಟ, ಜೀವಸತ್ವಗಳ ಜೊತೆಗೇ ವಾರಗಟ್ಟಲೆ ಮದ್ಯ ಕುಡಿಸಿ ಒಮ್ಮೆಲೇ ನಿಲ್ಲಿಸಿದರು. ಬಹಳ ದಿನ ಕುಡಿದಿದ್ದವರಲ್ಲಿ ಕೆಲವರಿಗೆ ಫಿಟ್ಸು ಬಂತು, ಕೆಲವರಿಗೆ ಸನ್ನಿಯಾಯಿತು. ಜಗಳ ಮುಗಿಯಿತು: ಬೇನೆ ಬರುವುದು ಬಿಟ್ಟದ್ದರಿಂದಲೇ. ಕೈದಿಗಳ ಮೈಮೇಲೆ ಹೀಗೆ ಪ್ರಯೋಗ ಮಾಡಲು ಇಂದು ಯಾರೂ ಒಪ್ಪರು, ಒಪ್ಪಲೂಬಾರದು. ಅವರ ಸಂಕಟದಿಂದ ಬಂದ ಈ ತಿಳಿವು ಎಪ್ಪತ್ತು ವರ್ಷವಾದರೂ ನಮ್ಮ ಓಣಿಗಳಿಗೆ ಇಳಿದಿಲ್ಲವೆಂಬುದು ನನಗೆ ಬೇಸರದ ಸಂಗತಿ.

ಶ್ರಾವಣದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇಲ್ಲಿ ಒಂದು ನೋವಿನ ಮಾತು ಹೇಳಬೇಕಿದೆ. ವರ್ಷಕ್ಕೊಮ್ಮೆ ತಿಂಗಳು ಬಿಡುವುದು ಒಳ್ಳೆಯದಲ್ಲವೇ, ಒಂದು ತಿಂಗಳಾದರೂ ಲಿವರಿಗೆ ವಿಶ್ರಾಂತಿ, ಮನೆಗೆ ನೆಮ್ಮದಿ ಎಂದು ನಾನೂ ಬಹಳ ಕಾಲ ನಂಬಿದ್ದೆ. ಹಗುರಾಗಿ ಕುಡಿಯುವವನಿಗೆ ಅದು ನಿಜ. ಆದರೆ ಬೆಳಗಿನಿಂದ ಕುಡಿಯುವವನ ಮಾತು ಬೇರೆ. ಬ್ಯಾಲೆಂಜರ್ ಮತ್ತು ಪೋಸ್ಟ್ ಎಂಬ ವೈದ್ಯರು 1978ರಲ್ಲಿ ಒಂದು ವಿಚಾರ ಮುಂದಿಟ್ಟರು: ಬಿಡುವುದು, ಮತ್ತೆ ಹಿಡಿಯುವುದು, ಮತ್ತೆ ಬಿಡುವುದು, ಹೀಗೆ ಪ್ರತಿ ಸಲ ಬಿಟ್ಟಾಗಲೂ ಮಿದುಳು ಇನ್ನಷ್ಟು ಸೂಕ್ಷ್ಮವಾಗುತ್ತ ಹೋಗುತ್ತದೆ. ಮೊದಲ ಸಲ ಬರೀ ನಡುಕ. ಕೆಲವು ಸಲದ ನಂತರ ಫಿಟ್ಸು, ಆಮೇಲೆ ಸನ್ನಿ. ಹಿಂದೆ ಹಲವು ಸಲ ಬಿಟ್ಟು ಹಿಡಿದವರಲ್ಲಿ ಫಿಟ್ಸು ಹೆಚ್ಚು ಎಂದು ಆಮೇಲಿನ ಅಧ್ಯಯನಗಳೂ ತೋರಿಸಿವೆ. ಒಲೆಯಲ್ಲಿ ಒಮ್ಮೆ ಹೊತ್ತಿ ಆರಿದ ಕೊಳ್ಳಿ ಎರಡನೆಯ ಸಲ ಬೇಗ ಹೊತ್ತಿಕೊಳ್ಳುತ್ತದಲ್ಲ, ಹಾಗೆ. ಅಂದರೆ ಶ್ರಾವಣ ಹಿಡಿದು, ಬೆನಕನ ಅಮಾವಾಸ್ಯೆಗೆ ಬಿಟ್ಟು, ಮುಂದೆ ಅಯ್ಯಪ್ಪನ ಮಾಲೆ ಹಾಕಿ 41 ದಿನ ನಿಲ್ಲಿಸಿ, ಮಾಲೆ ಇಳಿಸಿದ ದಿನ ಮತ್ತೆ ತೊಡಗುವವನಿಗೆ ಪ್ರತಿ ವ್ರತವೂ ಹಿಂದಿನದಕ್ಕಿಂತ ಅಪಾಯದ್ದಾಗಬಹುದು. "ಹ್ವಾದ ವರ್ಷ ಏನೂ ಆಗಿರಲಿಲ್ಲಲ್ಲ" ಎಂಬ ಮನೆಯವರ ಸಮಾಧಾನ ಆದ್ದರಿಂದಲೇ ಮೋಸಗೊಳಿಸುವಂಥದು.

ವ್ರತವನ್ನು ನಾನು ಹಳಿಯುತ್ತಿಲ್ಲ. ಎಲ್ಲ ದಾರಿ ಮುಚ್ಚಿದವನಿಗೆ ವರ್ಷದಲ್ಲಿ ಒಂದು ದಿನವಾದರೂ "ಬಿಡತೇನಿ" ಎನ್ನುವ ಧೈರ್ಯ ಕೊಡುವುದು ಆ ಶ್ರಾವಣವೇ. ಆ ಧೈರ್ಯದ ಹಿಂದೆ ಒಂದು ಮಾತ್ರೆಯ ಚೀಟಿ ಇರಬೇಕು ಎಂಬುದಷ್ಟೇ ನನ್ನ ವಾದ.

ಕೊಕೇನಿನ ಮಾತನ್ನು ಇಲ್ಲಿ ತರಲು ಕಾರಣವಿದೆ. ನಮ್ಮ ಹುಡುಗರು ಗೋವಾದ ಹೋಟೆಲುಗಳಿಗೆ, ಪುಣೆ, ಮುಂಬಯಿ, ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಒಂದು ನಶೆ ಬಿಟ್ಟಾಗ ಕಾಣುವುದು ಇನ್ನೊಂದು ಬಿಟ್ಟಾಗ ಕಾಣುವುದಿಲ್ಲ. ಶೆರೆಯ ನಡುಕವನ್ನಷ್ಟೇ ಬಲ್ಲ ಮನೆ ಕೊಕೇನ್ ಬಿಟ್ಟವನನ್ನು ಗುರುತಿಸಲಾರದು. ಅಲ್ಲಿ ನಡುಕವಿಲ್ಲ, ಫಿಟ್ಸಿಲ್ಲ, ಹುಳಗಳಿಲ್ಲ. ಊರಿಗೆ ಬಂದವನು ಎರಡು ದಿನ ಎದ್ದೇಳದೆ ಮಲಗುತ್ತಾನೆ, ಎದ್ದರೆ ಗಬಗಬ ಉಣ್ಣುತ್ತಾನೆ. ತಾಯಿ "ದಣದ ಬಂದಾನ" ಎಂದು ಹೋಳಿಗೆ ಮಾಡುತ್ತಾಳೆ. ಆಮೇಲೆ ಕತ್ತಲೆ ಕೋಣೆ ಸೇರುತ್ತಾನೆ. ಯಾವುದರಲ್ಲೂ ರುಚಿಯಿಲ್ಲ, ಗೆಳೆಯರ ಮಾತು ಬೇಡ, ಕೆಟ್ಟ ಕನಸುಗಳು, ಕೈಕಾಲು ಭಾರ. ಮಿದುಳಿನಲ್ಲಿ ಸುಖದ ಸುದ್ದಿ ಒಯ್ಯುವ ಡೋಪಮೈನಿನ ಸಾಲ ತೀರಿಸುವ ದಿನಗಳಿವು. ಗಾವಿನ್ ಮತ್ತು ಕ್ಲೆಬರ್ 1986ರಲ್ಲಿ ಇದನ್ನು ಮೂರು ಹಂತಗಳಾಗಿ ಬರೆದರು: ಮೊದಲು ಕುಸಿತ, ನಂತರ ವಾರಗಟ್ಟಲೆಯ ಮಂಕು, ಕೊನೆಗೆ ತಿಂಗಳುಗಟ್ಟಲೆ ಆಗಾಗ ಎದ್ದು ಬರುವ ತಲಬು. ಆಸ್ಪತ್ರೆಯಲ್ಲಿಟ್ಟು ನೋಡಿದ ಆಮೇಲಿನ ವೈದ್ಯರಿಗೆ ಅಂಥ ಮೆಟ್ಟಿಲುಗಳು ಕಾಣಲಿಲ್ಲ, ಲಕ್ಷಣಗಳು ನಿಧಾನವಾಗಿ ಇಳಿಯುತ್ತ ಹೋದವು. ಹೊರಗೆ ಹಳೆಯ ಗೆಳೆಯ, ಹಳೆಯ ಓಣಿ, ಕೈಗೆ ಬಂದ ಪಗಾರ ಎದುರಾದಾಗ ತಲಬು ಏಳುತ್ತದೆ. ಆಸ್ಪತ್ರೆಯ ಗೋಡೆಯೊಳಗೆ ಅವು ಇರುವುದಿಲ್ಲ, ಅದಕ್ಕೇ ಈ ವ್ಯತ್ಯಾಸವಿರಬೇಕು ಎಂಬುದು ನನ್ನ ತಿಳಿವಳಿಕೆ. ಕೊಕೇನ್ ಬಿಟ್ಟದ್ದರಿಂದ ಮೈ ಸಾಯುವುದು ಬಹಳ ಅಪರೂಪ. ಆದರೆ ಮೊದಲ ದಿನಗಳ ಆ ಕತ್ತಲಲ್ಲಿ ಜೀವ ಕಳೆದುಕೊಳ್ಳುವ ಯೋಚನೆ ಬರುತ್ತದೆ, ಅಪಾಯವಿರುವುದು ಅಲ್ಲಿ. ಕೊಕೇನ್ ಬಿಡಿಸಲೆಂದೇ ಒಪ್ಪಿತವಾದ ಮಾತ್ರೆ ಇನ್ನೂ ಇಲ್ಲ. ಆಪ್ತ ಸಲಹೆ, ಬಿಟ್ಟ ಪ್ರತಿ ವಾರಕ್ಕೂ ಸಣ್ಣ ಬಹುಮಾನ ಕೊಟ್ಟು ಹುರಿದುಂಬಿಸುವ ಪದ್ಧತಿ, ಜೊತೆಗಿರುವ ಮನುಷ್ಯರು, ಇವೇ ಈಗಿನ ಔಷಧ. ಶೆರೆ ಮತ್ತು ಕೊಕೇನ್ ಎರಡನ್ನೂ ಕೂಡಿಸಿ ಬಳಸುತ್ತಿದ್ದವನಿಗೆ ಎರಡೂ ಬೇನೆ ಒಟ್ಟಿಗೆ ಬರುತ್ತವೆ, ವೈದ್ಯರ ಮುಂದೆ ಎರಡನ್ನೂ ಹೇಳಲೇಬೇಕು.

ಅಫೀಮು, ಹೆರಾಯಿನ್ ಬಿಟ್ಟವನ ಕೀಲು ನೋವು, ಭೇದಿ, ಮೂಗು ಸೋರಿಕೆ ನೋಡುವವರಿಗೆ ಭಯಂಕರವಾಗಿ ಕಂಡರೂ ಅದೊಂದರಿಂದಲೇ ಸಾಯುವವರು ವಿರಳ. ಒಮ್ಮೆಲೇ ಬಿಟ್ಟರೆ ಜೀವಕ್ಕೇ ಎರವಾಗುವವು ಮುಖ್ಯವಾಗಿ ಎರಡು: ಶೆರೆ ಮತ್ತು ನಿದ್ದೆ ಗುಳಿಗೆ. ಸರಕಾರ ಲೈಸೆನ್ಸು ಕೊಟ್ಟು ಮಾರಿಸುವ ಶೆರೆಯೇ ಬಿಡುವಾಗ ಎಲ್ಲಕ್ಕಿಂತ ಹೆಚ್ಚು ಕೊಲ್ಲುತ್ತದೆ.

ಸರಕಾರದ ಪಾತ್ರವೂ ಈ ಸೀಮೆಯ ಚರಿತ್ರೆಯಲ್ಲೇ ಇದೆ. 1878ರ ಮುಂಬಯಿ ಅಬಕಾರಿ ಕಾಯ್ದೆ ಭಟ್ಟಿ ಮತ್ತು ಅಂಗಡಿಗಳನ್ನು ಸರಕಾರದ ಹಿಡಿತಕ್ಕೆ ತಂದು ಶೆರೆಯನ್ನು ಆದಾಯದ ಬಾಬತ್ತು ಮಾಡಿತು. ಸ್ವಾತಂತ್ರ್ಯದ ನಂತರ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ರಾಮದುರ್ಗ ಸಂಸ್ಥಾನವೂ 1948ರಲ್ಲಿ ಅದಕ್ಕೆ ಸೇರಿತು. 1950ರ ಏಪ್ರಿಲ್‌ನಿಂದ ಇಡೀ ರಾಜ್ಯಕ್ಕೆ ಪಾನನಿಷೇಧ ಬಂತು. ಅದಕ್ಕೆ ಆಧಾರವಾದ 1949ರ ಕಾಯ್ದೆಯಲ್ಲಿ ಆರೋಗ್ಯದ ಕಾರಣಕ್ಕೆ ಕುಡಿಯಲು ಪರವಾನಗಿ ಕೊಡುವ ಅವಕಾಶವೂ ಇತ್ತು. ಒಮ್ಮೆಲೇ ನಿಲ್ಲಿಸಿದರೆ ಕೆಲವರ ಮೈ ತಡೆಯದು ಎಂಬುದು ಕಾನೂನು ಬರೆದವರಿಗೆ ತಿಳಿದಿತ್ತೆಂದು ನಾನು ಓದಿಕೊಳ್ಳುತ್ತೇನೆ. ಆದರೆ ಅರ್ಜಿ, ವೈದ್ಯರ ಸರ್ಟಿಫಿಕೇಟು, ಸಹಿಗಳ ಆ ದಾರಿ ಓದುಬರಹ ಬಲ್ಲವನದು, ಹೊಲದ ಕೂಲಿಯದಲ್ಲ. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು, ಅರವತ್ತರ ದಶಕದ ಕೊನೆಗೆ ನಿಷೇಧ ಸಡಿಲಾಯಿತು, ಸರಾಯಿ ಅಂಗಡಿ ಬಂತು, ಆಮೇಲೆ ಪ್ಲಾಸ್ಟಿಕ್ ಪಾಕೀಟು ಬಂತು.

2007ರ ಜುಲೈ 1ರಂದು ಕರ್ನಾಟಕ ಸರಾಯಿ ನಿಷೇಧಿಸಿತು. ಪಾಕೀಟು ಹೋಯಿತು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಸುತ್ತ ಮತ್ತು ತಮಿಳುನಾಡಿನ ಗಡಿಯಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ನಮ್ಮ ಕಡೆ ಪಾಕೀಟಿನ ಜಾಗಕ್ಕೆ 90 ಮಿ.ಲೀ. ಪೊಟ್ಟಣ ಬಂದು ಕೂತಿತು, ಕುಡಿಯುವವನು ಅವನೇ, ದುಡ್ಡು ಮಾತ್ರ ಹೆಚ್ಚು. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಪೂರ್ಣ ಪಾನನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ಅವರ ಸಿಟ್ಟು ನ್ಯಾಯದ್ದು. ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿ ದಾಟಿದ ಅಬಕಾರಿ ಆದಾಯದಲ್ಲಿ ಅವರ ಕೊರಳಿನ ಗುಂಡು, ಕಿವಿಯ ಬೆಂಡೋಲೆ ಕರಗಿವೆ. ಆದರೂ ಅಂಗಡಿ ಮುಚ್ಚುವ ದಿನವೇ ಆಸ್ಪತ್ರೆಯ ಬಾಗಿಲು ತೆರೆಯದಿದ್ದರೆ ಮೂರನೆಯ ರಾತ್ರಿ ಅವರ ಮನೆಯೊಳಗೇ ನಡೆಯುತ್ತದೆ.

ಇದು ಊಹೆಯಲ್ಲ, 2020ರಲ್ಲಿ ಕಂಡದ್ದು. ಮಾರ್ಚ್ 25ರಿಂದ ಲಾಕ್‌ಡೌನ್ ಬಂತು, ಮದ್ಯದಂಗಡಿಗಳು ತೆರೆದದ್ದು ಮೇ 4ರಂದು. ನಲವತ್ತು ದಿನ ಇಡೀ ರಾಜ್ಯಕ್ಕೆ ಯಾರೂ ಕೇಳದ ಶ್ರಾವಣ. ಕುಡಿತ ಒಮ್ಮೆಲೇ ನಿಂತದ್ದರ ತೀವ್ರ ಲಕ್ಷಣಗಳಿಂದ ಬೆಂಗಳೂರಿನ ಆಸ್ಪತ್ರೆಗಳಿಗೆ ಬರುವವರ ಸಂಖ್ಯೆ ಏರಿದ್ದನ್ನು ನಿಮ್ಹಾನ್ಸ್ ವೈದ್ಯರು ದಾಖಲಿಸಿದರು. ಶೆರೆ ಸಿಗದೆ ಜೀವ ಕಳೆದುಕೊಂಡವರ ಸುದ್ದಿ ಹಲವು ಜಿಲ್ಲೆಗಳಿಂದ ಬಂತು. ಕೇರಳ ಸರಕಾರ ವೈದ್ಯರ ಚೀಟಿಯ ಮೇಲೆ ಮದ್ಯ ಕೊಡಲು ಆದೇಶಿಸಿತು, ಅಲ್ಲಿನ ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. ಹೈಕೋರ್ಟಿನ ಕಡೆಯೇ ನ್ಯಾಯವಿತ್ತೆಂದು ನನಗನ್ನಿಸುತ್ತದೆ, ಏಕೆಂದರೆ ಈ ಬೇನೆಗೆ ಶೆರೆಗಿಂತ ಒಳ್ಳೆಯ ಔಷಧವಿದೆ.

ಆ ಔಷಧದ ಹೆಸರು ಕ್ಲೋರ್‌ಡಯಾಜಿಪಾಕ್ಸೈಡ್. 1960ರಲ್ಲಿ ಪೇಟೆಗೆ ಬಂದ ಹಳೆಯ ಮಾತ್ರೆ. ಅಮೆರಿಕದಲ್ಲಿ 537 ರೋಗಿಗಳ ಮೇಲೆ ನಡೆದು 1969ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಫಿಟ್ಸು, ಸನ್ನಿಗಳು ಕಡಿಮೆ ಕಂಡದ್ದು ಇದನ್ನು ಕೊಟ್ಟವರಲ್ಲಿ. ಶೆರೆ ಹಿಡಿದಿದ್ದ ಬ್ರೇಕನ್ನೇ ಇದು ಹಿಡಿದು, ದಿನದಿಂದ ದಿನಕ್ಕೆ ಪ್ರಮಾಣ ಇಳಿಸಿದಂತೆ ಮೆಲ್ಲಗೆ ಬಿಡುತ್ತದೆ. ಲಿವರ್ ಕೆಟ್ಟವರಿಗೆ ಲೋರಾಜಿಪಾಮ್ ಕೊಡುತ್ತಾರೆ. ಸುಮಾರು ಒಂದು ವಾರ, ಹೆಚ್ಚೆಂದರೆ ಹತ್ತು ದಿನದ ಮಾತು. ಎಲ್ಲರೂ ಆಸ್ಪತ್ರೆಯಲ್ಲಿ ಮಲಗಬೇಕಿಲ್ಲ. ಬೇನೆ ಹಗುರಾಗಿದ್ದು ಮನೆಯಲ್ಲಿ ನೋಡಿಕೊಳ್ಳುವವರಿದ್ದರೆ ವೈದ್ಯರು ಮಾತ್ರೆ ಕೊಟ್ಟು ದಿನಾ ಕರೆಸಿ ನೋಡುತ್ತಾರೆ. ಹಿಂದೆ ಫಿಟ್ಸು ಅಥವಾ ಸನ್ನಿ ಆಗಿದ್ದವರು, ವಯಸ್ಸಾದವರು, ಕಾಮಾಲೆ ಇದ್ದವರು, ಬಿಟ್ಟ ದಿನವೇ ಜೋರು ನಡುಕ ಬಂದವರು ದಾಖಲಾಗಲೇಬೇಕು. ಈ ಮಾತ್ರೆಗಳೂ ಚಟ ಹತ್ತಿಸಬಲ್ಲವು, ಶೆರೆಯ ಜೊತೆ ಸೇರಿದರೆ ಉಸಿರು ನಿಲ್ಲಿಸಬಲ್ಲವು, ಆದ್ದರಿಂದ ನೆರೆಮನೆಯವನ ಚೀಟಿ ತೋರಿಸಿ ತರುವಂಥವಲ್ಲ.

ಇನ್ನೊಂದು ಔಷಧ ಇನ್ನೂ ಅಗ್ಗದ್ದು: ಥಯಾಮಿನ್, ಅಂದರೆ ಬಿ-1 ಜೀವಸತ್ವ. ರೊಟ್ಟಿ, ಪಲ್ಯ ಬಿಟ್ಟು ಶೆರೆಯ ಮೇಲೇ ದಿನ ತಳ್ಳುವವನ ಮೈಯಲ್ಲಿ ಇದು ಬರಿದಾಗಿರುತ್ತದೆ. ನಮ್ಮಲ್ಲಿ ಯಾರಿಗೆ ನಿಶ್ಶಕ್ತಿಯಾದರೂ ಮೊದಲ ಬೇಡಿಕೆ "ಒಂದ್ ಸಲಾಯಿನ್ ಹಚ್ರಿ ಡಾಕ್ಟ್ರ" ಎಂದು. ಥಯಾಮಿನ್ ಕೊಡದೆ ಬರೀ ಗ್ಲುಕೋಸ್ ಬಾಟಲಿ ಏರಿಸಿದರೆ ಉಳಿದಿದ್ದ ಚೂರೂ ಖರ್ಚಾಗಿ, ಕಣ್ಣು ಹೊರಳದೆ, ಕಾಲು ನೆಲೆಗೊಳ್ಳದೆ, ಬುದ್ಧಿ ಮಬ್ಬಾಗುವ ವೆರ್ನಿಕೆ ಎಂಬ ಕಾಯಿಲೆ ಬರಬಹುದು. ಅದು ಕೈಮೀರಿದರೆ ಹೊಸದೇನೂ ನೆನಪಿನಲ್ಲಿ ನಿಲ್ಲದ ಕೊರ್ಸಕಾಫ್ ಸ್ಥಿತಿ. ಉಂಡದ್ದು ಮರೆತು ಮತ್ತೆ ಉಣ್ಣಲು ಕೂರುವ, ಸತ್ತ ತಮ್ಮನನ್ನು ಹೊಲದಿಂದ ಬಂದನೇ ಎಂದು ಕೇಳುವ ನಡುವಯಸ್ಸಿನ ಗಂಡಸರನ್ನು ಕಂಡವರಿಗೆ ಆ ಅಗ್ಗದ ಇಂಜೆಕ್ಷನ್ನಿನ ಬೆಲೆ ತಿಳಿಯುತ್ತದೆ.

ಇಷ್ಟೆಲ್ಲ ಇದ್ದೂ 38ಕ್ಕೆ ಒಬ್ಬ ಏಕೆ? ಒಂದು ಕಾರಣ ಬರೀ ಒಂದು ಊರಿನ ಹೆಸರು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳಿಗೆ ಹತ್ತಿರದ ದೊಡ್ಡ ಮಾನಸಿಕ ಆಸ್ಪತ್ರೆ ಧಾರವಾಡದ್ದು. 1845ರಷ್ಟು ಹಿಂದೆ ಹುಚ್ಚರ ಆಸ್ಪತ್ರೆಯಾಗಿ ತೊಡಗಿ ಇಂದು ಡಿಮ್ಹಾನ್ಸ್ ಆಗಿ ಬೆಳೆದ ಸಂಸ್ಥೆ. ಕಿತ್ತೂರಿನಿಂದ ಹೆದ್ದಾರಿಯಲ್ಲಿ ಒಂದು ತಾಸೂ ಬೇಡ. ಆದರೆ "ಇವನ್ನ ಧಾರವಾಡಕ್ಕ ಕಳಸಬೇಕ" ಎಂಬುದು ನಮ್ಮ ಮಾತಿನಲ್ಲಿ ಬೈಗುಳ. ಬೆಳಗಾವಿಗೆ ಒಯ್ದರೆ ಖರ್ಚು, ಧಾರವಾಡಕ್ಕೆ ಒಯ್ದರೆ ಮಗಳ ಮದುವೆಗೆ ತೊಡಕು ಎಂದು ತಾಯಂದಿರು ಲೆಕ್ಕ ಹಾಕುತ್ತಾರೆ. ಆ ಲೆಕ್ಕದಲ್ಲಿ ಎರಡು ರಾತ್ರಿ ಕಳೆದಿರುತ್ತವೆ.

ಎರಡನೆಯ ಕಾರಣ ನಾಚಿಕೆ. ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡವನನ್ನು ಆಸ್ಪತ್ರೆಗೆ ಸೇರಿಸುವಾಗ "ಕುಡಿಯುತ್ತಾನೆಯೇ" ಎಂದು ಕೇಳಿದರೆ ಅಣ್ಣತಮ್ಮಂದಿರು "ಇಲ್ರಿ ಸರ, ಎಂದರ ಒಮ್ಮೆ" ಅನ್ನುತ್ತಾರೆ. ಆಪರೇಷನ್ ಮುಗಿದ ಮೂರನೆಯ ದಿನ ಅವನು ಸಲಾಯಿನ್ ಕಿತ್ತೊಗೆದು ಮುರಿದ ಕಾಲಿನ ಮೇಲೇ ಎದ್ದು ಓಡುತ್ತಾನೆ. ವಾರ್ಡಿನಲ್ಲಿ ಕೈಕಾಲು ಕಟ್ಟುತ್ತಾರೆ, ಮನೆಯವರು ಆಪರೇಷನ್ ಕೆಟ್ಟಿತೆಂದು ಜಗಳಕ್ಕೆ ನಿಲ್ಲುತ್ತಾರೆ. ದಿನಕ್ಕೆ ಎಷ್ಟು, ಕಡೆಯದಾಗಿ ಕುಡಿದದ್ದು ಯಾವಾಗ ಎಂದು ಮೊದಲ ದಿನವೇ ಹೇಳಿದ್ದರೆ ಒಂದು ಮಾತ್ರೆಯಲ್ಲಿ ಮುಗಿಯುತ್ತಿತ್ತು.

ಮೂರನೆಯದು ಕಳ್ಳ ಚಿಕಿತ್ಸೆ. ಗಂಡನಿಗೆ ತಿಳಿಯದಂತೆ ಸಾರಿನಲ್ಲಿ, ಮಜ್ಜಿಗೆಯಲ್ಲಿ ಬೆರೆಸುವ ಪುಡಿಗಳು. ಡೈಸಲ್ಫಿರಾಮ್ ಎಂಬ ಮಾತ್ರೆ 1948ರಿಂದ ಬಳಕೆಯಲ್ಲಿದೆ. ಅದನ್ನು ನುಂಗಿದವನು ಶೆರೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಬಿ.ಪಿ. ಕುಸಿದು ಒದ್ದಾಡುತ್ತಾನೆ. ತಿಳಿದು, ಒಪ್ಪಿ, ಹೆಂಡತಿಯ ಕೈಯಿಂದಲೇ ದಿನಾ ನುಂಗುವವನಿಗೆ ಅದು ಒಳ್ಳೆಯ ಕಾವಲು. ತಿಳಿಯದೆ ನುಂಗಿದವನಿಗೆ ವಿಷವೂ ಆಗಬಹುದು. ಬೇಸತ್ತು ಹೀಗೆ ಮಾಡುವ ಹೆಣ್ಣುಮಗಳ ಮೇಲೆ ನನಗೆ ಸಿಟ್ಟಿಲ್ಲ. ಮುಂದಿನ ಬಾಗಿಲು ಅವಳಿಗೆ ಯಾರೂ ತೋರಿಸಿಲ್ಲ. ಹೊಡೆದು, ಸರಪಳಿ ಹಾಕಿ, ಕೋಣೆಯಲ್ಲಿ ಕೂಡಿಹಾಕಿ ಚಟ ಬಿಡಿಸುತ್ತೇವೆನ್ನುವವರ ವಿಷಯ ಬೇರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದಾದ ಬೇನೆಯನ್ನೂ ತನ್ನೊಳಗೆ ತೆಗೆದುಕೊಂಡಿದೆ, ಸರಪಳಿಯನ್ನು ಸ್ಪಷ್ಟವಾಗಿ ನಿಷೇಧಿಸಿದೆ.

ಬಿಟ್ಟ ಬೇನೆ ವಾರದಲ್ಲಿ ಇಳಿಯುತ್ತದೆ, ತಲಬು ಇಳಿಯುವುದಿಲ್ಲ. ಅಲ್ಲಿಂದ ಮುಂದಿನದು ಮಾತ್ರೆಗಿಂತ ಮನುಷ್ಯರ ಕೆಲಸ. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಮಾತ್ರೆಗಳು ನೆರವಾಗುತ್ತವೆ, ಆದರೂ ಕಬ್ಬಿನ ಬಿಲ್ಲು ಬಂದ ದಿನ, ಜಾತ್ರೆಯ ಸಂಜೆ, ಸತ್ತ ಮನೆಯ ರಾತ್ರಿ ಯಾರಾದರೂ ಪಕ್ಕದಲ್ಲಿ ಬೇಕು. ಇಳಕಲ್ಲಿನ ಚಿತ್ತರಗಿ ಮಠದ ಮಹಾಂತ ಸ್ವಾಮಿಗಳು ಎಪ್ಪತ್ತರ ದಶಕದಲ್ಲಿ ಜೋಳಿಗೆ ಹಿಡಿದು ಊರೂರು ತಿರುಗಿ, ಜೋಳ ಬೇಡ, ದುಡ್ಡು ಬೇಡ, ನಿಮ್ಮ ದುಶ್ಚಟ ಹಾಕಿರಿ ಎಂದು ಬೇಡಿದರು. ಕುಡುಕನನ್ನು ಬೈಯದೆ ಅವನ ಮುಂದೆ ಬೇಡುವವನಾಗಿ ನಿಂತದ್ದು ಈ ನಾಡಿನ ವ್ಯಸನ ಚಿಕಿತ್ಸೆಯ ಚರಿತ್ರೆಯಲ್ಲೇ ದೊಡ್ಡ ಹೆಜ್ಜೆ ಎಂದು ನಾನು ತಿಳಿದಿದ್ದೇನೆ. ಅವರು ಹುಟ್ಟಿದ ಆಗಸ್ಟ್ 1ನ್ನು ಸರಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ, ಅದು ಬೀಳುವುದೂ ಶ್ರಾವಣದ ಆಸುಪಾಸಿಗೇ. ಧರ್ಮಸ್ಥಳದ ಜನಜಾಗೃತಿ ವೇದಿಕೆ ಎಂಟು ದಿನಗಳ ಮದ್ಯವರ್ಜನ ಶಿಬಿರಗಳನ್ನು ನಡೆಸಿ, ಬಿಟ್ಟವರನ್ನು ನವಜೀವನ ಸಮಿತಿಗಳಲ್ಲಿ ಕೂಡಿಸುತ್ತದೆ. ಆ ಎಂಟು ದಿನಗಳಲ್ಲಿ ಅಪಾಯದ ದಿನಗಳೆಲ್ಲ ಬಂದುಹೋಗುತ್ತವೆ. ಆದ್ದರಿಂದ ಯಾರೇ ನಡೆಸಲಿ, ಯಾವ ಶಿಬಿರವೇ ಇರಲಿ, ಮೊದಲ ದಿನವೇ ಪ್ರತಿಯೊಬ್ಬನನ್ನೂ ಪರೀಕ್ಷಿಸುವ ವೈದ್ಯ, ರಾತ್ರಿ ಎಚ್ಚರವಿರುವ ನರ್ಸು ಅಲ್ಲಿ ಇರಬೇಕು. ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳಲ್ಲಿ ಬಿಟ್ಟವರೇ ಬಿಡುವವರ ಜೊತೆ ಕೂರುತ್ತಾರೆ. ದೊಡ್ಡ ಊರುಗಳಲ್ಲಿ ಸುಲಭ, ಒಬ್ಬರಿಗೊಬ್ಬರು ಬೀಗರಾಗಿರುವ ಹಳ್ಳಿಯಲ್ಲಿ ಹೆಸರು ಮುಚ್ಚಿಟ್ಟು ಕೂರುವುದು ಕಷ್ಟ.

ತೀರ ಹತ್ತಿರದ ಬಾಗಿಲೊಂದಿದೆ, ಅದನ್ನು ಬಲ್ಲವರು ಕಡಿಮೆ. ಮನೋಚೈತನ್ಯ ಎಂಬ ಹೆಸರಿನಲ್ಲಿ 2014ರಿಂದ ರಾಜ್ಯದ ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬರುವ ವ್ಯವಸ್ಥೆ ಇದೆ. 14416ಕ್ಕೆ ಫೋನು ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, 14446 ವ್ಯಸನಕ್ಕೆಂದೇ ಇರುವ ಸಹಾಯವಾಣಿ. ಮಂಗಳವಾರ ಎಲ್ಲಮ್ಮನ ವಾರವೂ ಹೌದು. ಆ ದಿನ ಬೆಳಗಿನ ಬಸ್ಸುಗಳು ಕಾಯಿ, ಕರ್ಪೂರ, ಭಂಡಾರದ ಚೀಲ ಹಿಡಿದ ಹೆಣ್ಣುಮಕ್ಕಳಿಂದ ತುಂಬಿ ಸವದತ್ತಿಯ ಕಡೆ ಹೋಗುತ್ತವೆ. ಅವರಲ್ಲಿ ಹಲವರ ಹರಕೆ ಗಂಡನ, ಮಗನ ಕುಡಿತದ್ದೇ. ಎಲ್ಲಮ್ಮನ ಗುಡ್ಡ ಸವದತ್ತಿಯಿಂದ ಬರೀ ಐದಾರು ಕಿಲೋಮೀಟರು. ಅಮಾವಾಸ್ಯೆಯ ಮುಂಚಿನ ಮಂಗಳವಾರ ಬೆಳಗ್ಗೆಯೇ ಅವನನ್ನೂ ಕರೆದುಕೊಂಡು ಸವದತ್ತಿಯಲ್ಲಿ ಇಳಿದು, ತಾಲೂಕು ಆಸ್ಪತ್ರೆಯಲ್ಲಿ ಹತ್ತು ದಿನದ ಚೀಟಿ ಬರೆಸಿಕೊಂಡು, ಮುಂದಿನ ಬಸ್ಸಿಗೆ ಗುಡ್ಡ ಹತ್ತಬಹುದು. ಆಣೆ ಮಾಡುವಾಗ ಭಂಡಾರ ಅವನ ಹಣೆಯ ಮೇಲಿರಲಿ, ಮಾತ್ರೆಗಳ ಪಟ್ಟಿ ಅವಳ ಸೆರಗಿನ ಗಂಟಿನಲ್ಲಿ.